ಈ ಸಂಜೆ ಯಾರದು?

ಟೀವಿ ಕೇಂದ್ರಗಳಲ್ಲಿ ‘ಟ್ರಾಫಿಕ್’ ಅಂತ ಒಂದು ವಿಭಾಗ ಇರುತ್ತದೆ. ರಸ್ತೆಗೂ ಅದಕ್ಕೂ ಸಂಬಂಧವಿಲ್ಲ. ದಿನದ 24 ಗಂಟೆಯನ್ನು ಸೆಕೆಂಡುಗಳಾಗಿ ಒಡೆದು, ಎಲ್ಲಿ ಕಾರ್ಯಕ್ರಮ, ಎಲ್ಲಿ ಜಾಹೀರಾತು, ಎಲ್ಲಿ ಕೇಂದ್ರದ ಹೆಸರು ಬರಬೇಕು ಎಂದು ಮೊದಲೇ ಬರೆದಿಡುವವರು ಅಲ್ಲಿ ಕೂತಿರುತ್ತಾರೆ. ಹಾಗೆ ಬರೆದಿಟ್ಟ ಪಟ್ಟಿಗೆ ‘ಲಾಗ್’ ಎಂದು ಹೆಸರು. ಕೆಲವು ವರ್ಷಗಳ ಹಿಂದೆ ಪುಣೆಯ ನಮ್ಮ ಆಫೀಸಿಗೆ, ಅಮೆರಿಕದ ಸ್ಥಳೀಯ ಟೀವಿ ಕೇಂದ್ರಗಳು ಬಳಸುವ ಇಂಥದೊಂದು ತಂತ್ರಾಂಶದ ಕೆಲಸ ಬಂದಿತ್ತು. ನಾನು ಅದರ ಮ್ಯಾನೇಜರ್. ಅದರಲ್ಲಿ ಒಂದು ಸ್ಕ್ರೀನ್ ಇತ್ತು. ನೆಟ್‌ವರ್ಕಿನಿಂದ ಬರುವ ಕಾರ್ಯಕ್ರಮವನ್ನು ಊರಿನ ಕೇಂದ್ರ ಕೈಬಿಟ್ಟು ಬೇರೇನಾದರೂ ಹಾಕಿದರೆ ಅಲ್ಲಿ ದಾಖಲಿಸಬೇಕು. ‘ಪ್ರಿಎಂಪ್ಷನ್’ ಎಂದು ಅದನ್ನು ಕರೆಯುತ್ತಾರೆ. ಪಕ್ಕದಲ್ಲೇ ‘ಕಾರಣ’ ಎಂಬ ಖಾನೆ. ಹವಾಮಾನ, ಕ್ರೀಡೆ, ಚುನಾವಣಾ ಚರ್ಚೆ, ತಾಂತ್ರಿಕ ತೊಂದರೆ, ಇತರೆ.

ತಂಡದಲ್ಲಿದ್ದ ಅಕೋಲಾದ ಹುಡುಗಿಯೊಬ್ಬಳು ಕೇಳಿದಳು: ಮೇಲಿನವರು ಕಳಿಸಿದ್ದನ್ನು ಕೆಳಗಿನವರು ಬೇಡ ಅನ್ನಬಹುದಾ ಸರ್? ಅವಳ ಪ್ರಶ್ನೆ ತಾಂತ್ರಿಕವಾದದ್ದು. ಯಾವ ಬಳಕೆದಾರನಿಗೆ ಯಾವ ಅಧಿಕಾರ ಕೊಡಬೇಕು ಎಂದಷ್ಟೇ ಅವಳಿಗೆ ತಿಳಿಯಬೇಕಿತ್ತು. ಹೌದು, ಅನ್ನಬಹುದು ಎಂದು ಹೇಳಿ ಕಳಿಸಿದೆ. ಆದರೆ ಆ ಮಾತು ಆಮೇಲೂ ನನ್ನೊಳಗೆ ಉಳಿಯಿತು. ಕಾರಣ, ನಾವೆಲ್ಲ ಬೆಳೆದ ಟೀವಿಯಲ್ಲಿ ಅಂಥ ಖಾನೆಯೇ ಇರಲಿಲ್ಲ. ಎಲ್ಲಿಂದಲೋ ಬರುವ ಸಂಜೆಯನ್ನು ಒಂದು ಊರು ‘ಬೇಡ’ ಅನ್ನಬಹುದೇ? ಅನ್ನಬಹುದಾದರೆ, ಊರಿನ ಪರವಾಗಿ ಹಾಗನ್ನುವವರು ಯಾರು?

ಅಮೆರಿಕದ ಏರ್ಪಾಡು ನಮಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಎನ್‌ಬಿಸಿ, ಸಿಬಿಎಸ್, ಎಬಿಸಿ ಎಂಬ ದೊಡ್ಡ ಹೆಸರುಗಳಿವೆಯಲ್ಲ, ಅವುಗಳ ಕಾರ್ಯಕ್ರಮವನ್ನು ಊರೂರಿಗೆ ಮುಟ್ಟಿಸುವ ಬಹುಪಾಲು ಕೇಂದ್ರಗಳು ಅವುಗಳ ಸ್ವಂತದ್ದಲ್ಲ. ಬೇರೆ ಮಾಲೀಕರ ಕೇಂದ್ರಗಳು ಒಪ್ಪಂದ ಮಾಡಿಕೊಂಡು ‘ಅಫಿಲಿಯೇಟ್’ ಆಗಿರುತ್ತವೆ. ದಿನದ ಹೊತ್ತನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ನ್ಯೂಯಾರ್ಕ್ ಕಡೆ ರಾತ್ರಿ 8ರಿಂದ 11, ಶಿಕಾಗೋ, ಡಲ್ಲಾಸ್ ಕಡೆ 7ರಿಂದ 10 ನೆಟ್‌ವರ್ಕಿನ ಹೊತ್ತು. ಅದಕ್ಕೆ ಮೊದಲು ಸಂಜೆಯ ಊರ ವಾರ್ತೆ, ಅದು ಮುಗಿದ ಕೂಡಲೇ ಮತ್ತೆ ಊರ ವಾರ್ತೆ. ಊರ ವಾರ್ತೆ ಎಂದರೆ ನಿಜಕ್ಕೂ ಊರ ವಾರ್ತೆ: ಯಾವ ರಸ್ತೆ ಮುಚ್ಚಿದೆ, ಯಾವ ಶಾಲೆಗೆ ಹಿಮದಿಂದಾಗಿ ನಾಳೆ ರಜೆ, ಸುಂಟರಗಾಳಿ ಯಾವ ಬೀದಿಯ ಕಡೆ ತಿರುಗಿದೆ. ಸುಂಟರಗಾಳಿ ಬಂದಾಗ ನೆಟ್‌ವರ್ಕಿನ ಎಷ್ಟು ದುಬಾರಿ ಧಾರಾವಾಹಿ ಇದ್ದರೂ ಊರಿನ ಕೇಂದ್ರ ಅದನ್ನು ಪಕ್ಕಕ್ಕಿಟ್ಟು ನಕ್ಷೆ ತೋರಿಸುತ್ತ ನಿಲ್ಲುತ್ತದೆ. ನಮ್ಮ ತಂತ್ರಾಂಶದ ಆ ಸ್ಕ್ರೀನು ಹೆಚ್ಚಾಗಿ ತುಂಬುತ್ತಿದ್ದುದೂ ‘ಹವಾಮಾನ’ ಎಂಬ ಕಾರಣದಿಂದಲೇ.

ಈ ‘ಬೇಡ’ ಅನ್ನುವ ಹಕ್ಕು ಯಾರೋ ಔದಾರ್ಯದಿಂದ ಕೊಟ್ಟದ್ದಲ್ಲ. ರೇಡಿಯೋ ಕಾಲದಲ್ಲಿ ನೆಟ್‌ವರ್ಕುಗಳು ಕೇಂದ್ರಗಳ ಹೊತ್ತನ್ನು ಒಪ್ಪಂದದ ಬಲದಿಂದ ಕಟ್ಟಿಹಾಕಿದ್ದವು. 1941ರಲ್ಲಿ ಅಲ್ಲಿನ ಪ್ರಸಾರ ಆಯೋಗ ಅದಕ್ಕೆ ತಡೆ ಹಾಕಿ ನಿಯಮ ಮಾಡಿತು. 1943ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಎತ್ತಿಹಿಡಿಯಿತು. ಹಿಂದಿರುವ ತರ್ಕ ಸರಳ. ಪರವಾನಗಿ ಇರುವುದು ನೆಟ್‌ವರ್ಕಿನ ಹೆಸರಿನಲ್ಲಲ್ಲ, ಕೇಂದ್ರದ ಹೆಸರಿನಲ್ಲಿ. ಸಾರ್ವಜನಿಕ ಹಿತಕ್ಕೆ ತಕ್ಕಂತೆ ನಡೆದುಕೊಂಡೆಯಾ ಎಂದು ಕೇಳಿದರೆ ಉತ್ತರ ಕೊಡಬೇಕಾದದ್ದು ಕೇಂದ್ರ. ಉತ್ತರ ಕೊಡಬೇಕಾದವನಿಗೆ ಬೇಡ ಅನ್ನುವ ಹಕ್ಕೂ ಇರಬೇಕು. ನನ್ನ ವೃತ್ತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡುವಿನ ಜವಾಬ್ದಾರಿ ನಮ್ಮದು, ಗಡುವನ್ನು ನಿಗದಿ ಮಾಡುವ ಅಧಿಕಾರ ಬೇರೆಯವರದು; ನಮ್ಮ ರಕ್ತದೊತ್ತಡದ ಗುಳಿಗೆಗಳ ಮೂಲ ಅಲ್ಲೇ ಇದೆ.

ಈಗ ನಮ್ಮ ಕಡೆಗೆ ಬರೋಣ. ಭಾರತದ ಟೀವಿ ಶುರುವಿನಿಂದಲೂ ದಿಲ್ಲಿಕೇಂದ್ರಿತವೇ ಆಗಿತ್ತು ಎಂದು ಹೇಳುವುದು ವಾಡಿಕೆ. ಪೂರ್ತಿ ನಿಜವಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರ ಮೂಲಕ ನೇರವಾಗಿ ಟೀವಿ ಬಂತು. ಕರ್ನಾಟಕದ ಹಳ್ಳಿಗಳು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳವು. ಬೆಂಗಳೂರಿನವರು ಟೀವಿಯ ಹೆಸರು ಮಾತ್ರ ಕೇಳಿದ್ದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಯ ಶಾಲೆಯ ಮುಂದೆ ಜನ ಕೂತು ಕನ್ನಡದಲ್ಲಿ ಬೇಸಾಯದ, ಆರೋಗ್ಯದ ಕಾರ್ಯಕ್ರಮ ನೋಡಿದರು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ಬಂದದ್ದು ಅದರ ನಂತರ. ಹಿಂದುಳಿದವರು ಎಂದು ಸದಾ ಅನ್ನಿಸಿಕೊಳ್ಳುವ ನಾವು ಒಂದೇ ಒಂದು ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ದೆವು. ಇದನ್ನು ಎಲ್ಲಿ ಹೇಳಲು ಅವಕಾಶ ಸಿಕ್ಕರೂ ನಾನು ಬಿಡುವುದಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಹಳ್ಳಿಯಲ್ಲಿ ಇದಕ್ಕಿಂತಲೂ ದಿಟ್ಟವಾದ ಕೆಲಸ ನಡೆಯಿತು. ಅಲ್ಲೊಂದು ಸಣ್ಣ ಟ್ರಾನ್ಸ್‌ಮಿಟರ್ ಹಾಕಿ, ಆ ಜಿಲ್ಲೆಯ ಜನರ ಬದುಕನ್ನೇ, ಅವರ ಮಾತಿನಲ್ಲೇ, ಕೂಲಿ, ಜಾತಿ, ಸಾಲಗಳ ಸಮೇತ ಕಾರ್ಯಕ್ರಮ ಮಾಡಿದರು. ಇಸ್ರೋದ ಅಹಮದಾಬಾದ್ ಕೇಂದ್ರದವರು ನಡೆಸಿದ ಆ ಕೆಲಸಕ್ಕೆ 1984ರಲ್ಲಿ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ಅದಾದ ಸ್ವಲ್ಪದರಲ್ಲೇ ಆ ಟ್ರಾನ್ಸ್‌ಮಿಟರನ್ನು ಅಲ್ಲಿಂದ ತೆಗೆದು ಮದ್ರಾಸಿನ ಎರಡನೇ ಚಾನೆಲ್ಲಿಗೆ ಕೊಡುವ ತೀರ್ಮಾನವಾಯಿತು. ಜನ ಪ್ರತಿಭಟಿಸಿದರು. ಹಳ್ಳಿಗೊಂದು ಚಾನೆಲ್ ಇರುವುದಕ್ಕಿಂತ ಮಹಾನಗರಕ್ಕೆ ಎರಡು ಇರುವುದು ಮುಖ್ಯ ಎಂದು ಯಾರಿಗೋ ಅನ್ನಿಸಿತ್ತು.

ಅಷ್ಟರಲ್ಲಿ ದೇಶದ ಟೀವಿಯ ದಿಕ್ಕೇ ಬದಲಾಗಿತ್ತು. 1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1984ರಲ್ಲಿ ದಿನಕ್ಕೊಂದು ಎಂಬ ವೇಗದಲ್ಲಿ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ಎದ್ದವು. ಊರಿಗೆ ಟೀವಿ ಬಂತು ಎಂದು ನಾವು ಕುಣಿದೆವು. ಬಂದದ್ದು ಒಂದು ತಟ್ಟೆ, ಒಂದು ಗೋಪುರ, ಕೆಲವು ಎಂಜಿನಿಯರುಗಳು. ಕ್ಯಾಮೆರಾ ಇಲ್ಲ, ಸ್ಟುಡಿಯೋ ಇಲ್ಲ. ಮೇಲಿನಿಂದ ಬಂದದ್ದನ್ನು ಹಿಡಿದು ಸುತ್ತ ಹರಡುವುದಷ್ಟೇ ಅದರ ಕೆಲಸ. ‘ಮರುಪ್ರಸಾರ ಕೇಂದ್ರ’ ಎಂದು ಬೋರ್ಡಿನ ಮೇಲೆ ಪ್ರಾಮಾಣಿಕವಾಗಿಯೇ ಬರೆದಿರುತ್ತಿತ್ತು. ಅಲ್ಲಿನ ಎಂಜಿನಿಯರಿಗೆ ಊರಲ್ಲಿ ಪ್ರವಾಹ ಬಂದರೂ ಅದನ್ನು ಹೇಳಲು ಒಂದು ಮೈಕ್ ಕೂಡ ಇರಲಿಲ್ಲ. ಸ್ಟುಡಿಯೋ ಇದ್ದ ಬೆಂಗಳೂರಿನಂಥ ಕೇಂದ್ರಗಳಿಗೂ ಸಂಜೆಯ ಮೊದಲ ತುಂಡು ಮಾತ್ರ ಸ್ವಂತದ್ದು. 8.40ಕ್ಕೆ ಹಿಂದಿ ವಾರ್ತೆ ಬಂತೆಂದರೆ ಮುಂದಿನದೆಲ್ಲ ದಿಲ್ಲಿಯ ಹೊತ್ತು. ವಾರ್ತೆಯ ಕೊನೆಗೆ ನಾಲ್ಕು ಮಹಾನಗರಗಳ ಉಷ್ಣಾಂಶ ಹೇಳುತ್ತಿದ್ದರು. ನಮ್ಮ ಓಣಿಯ ಕಾಕಾ ಒಬ್ಬರು ಪ್ರತಿದಿನ ಅದನ್ನು ಕೊನೆಯ ತನಕ ಕೂತು ಕೇಳಿ, “ದಿಲ್ಲ್ಯಾಗ ಮಳಿ ಆದ್ರ ನಮ್ ತೊಗರಿಗಿ ಏನ್ ಆಯ್ತೋ ತಮ್ಮಾ” ಎಂದು ಎದ್ದುಹೋಗುತ್ತಿದ್ದರು.

ಆ ಕಾಲವನ್ನು ಬರೀ ಹೇರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸೇಡಂ ಕಡೆಯ ಒಬ್ಬ ಹುಡುಗನಿಗೆ ಜಗತ್ತು ಇಷ್ಟು ದೊಡ್ಡದಿದೆ ಎಂದು ತೋರಿಸಿದ್ದು ಆ ಹೇರಿಕೆಯೇ. ಭಾನುವಾರ ಮಧ್ಯಾಹ್ನ ಬರುತ್ತಿದ್ದ ಬಂಗಾಳಿ, ಅಸ್ಸಾಮಿ, ಮಲಯಾಳಂ ಸಿನಿಮಾಗಳನ್ನು ನಮ್ಮೂರಿನವರಿಗೆ ಕೊಟ್ಟಿದ್ದರೆ ಖಂಡಿತ ಆರಿಸಿಕೊಳ್ಳುತ್ತಿರಲಿಲ್ಲ. ಆರಿಸುವ ಅವಕಾಶವಿಲ್ಲದ್ದರಿಂದ ನೋಡಿದೆವು, ನೋಡಿದ್ದರಿಂದ ಏನೋ ಉಳಿಯಿತು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಮಾತ್ರ ಈಗಲೂ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ನಮ್ಮ ಆಗುಂಬೆ, ನಮ್ಮ ಮಳೆ, ನಮ್ಮ ನಟರು. ನಾವು ಅದನ್ನು ಹಿಂದಿಯಲ್ಲಿ, ದಿಲ್ಲಿ ಕೊಟ್ಟ ಹೊತ್ತಿನಲ್ಲಿ ನೋಡಿ ಹೆಮ್ಮೆಪಟ್ಟೆವು. ಹೆಮ್ಮೆ ಸುಳ್ಳಲ್ಲ. ಆದರೆ ನಮ್ಮ ಊರು ನಮಗೆ ಕಾಣಬೇಕಾದರೂ ದೇಶದ ಲಾಗ್‌ನಲ್ಲಿ ಜಾಗ ಸಿಗಬೇಕಿತ್ತು.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಊರಿಗೆ ಹಕ್ಕು ಕೊಟ್ಟುಬಿಟ್ಟರೆ ಸರಿಹೋಯಿತಲ್ಲ ಅನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ, ಜ್ಯಾಕ್ಸನ್ನಿನ ಕತೆ ಓದುವವರೆಗೆ.

ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಡಬ್ಲ್ಯೂಎಲ್‌ಬಿಟಿ ಎಂಬ ಕೇಂದ್ರವಿತ್ತು, ಎನ್‌ಬಿಸಿಯ ಅಫಿಲಿಯೇಟ್. ಅದರ ವ್ಯಾಪ್ತಿಯಲ್ಲಿದ್ದ ಜನರಲ್ಲಿ ನೂರಕ್ಕೆ 45ರಷ್ಟು ಕರಿಯರು. 1955ರಲ್ಲಿ ಥರ್ಗುಡ್ ಮಾರ್ಷಲ್ ಅವರ ಸಂದರ್ಶನ ನೆಟ್‌ವರ್ಕಿನಲ್ಲಿ ಬಂದಾಗ ಈ ಕೇಂದ್ರ ಅದನ್ನು ಕತ್ತರಿಸಿ, ಕೇಬಲ್ ತೊಂದರೆ, ಕ್ಷಮಿಸಿ ಎಂಬ ಫಲಕ ಹಾಕಿತು. ತೊಂದರೆ ಏನೂ ಇರಲಿಲ್ಲ. ಶಾಲೆಗಳಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಕೂರಬೇಕೆಂದು ಕೋರ್ಟಿನಲ್ಲಿ ವಾದಿಸಿ ಗೆದ್ದ ವಕೀಲ ತನ್ನ ಊರಿನ ತೆರೆಯ ಮೇಲೆ ಮಾತಾಡುವುದು ಕೇಂದ್ರಕ್ಕೆ ಬೇಡವಾಗಿತ್ತು, ಅಷ್ಟೇ. ‘ರುಕಾವಟ್ ಕೆ ಲಿಯೇ ಖೇದ್ ಹೈ’ ಎಂಬ ಫಲಕದ ಮುಂದೆ ತಾಸುಗಟ್ಟಲೆ ಕೂತು ಬೆಳೆದ ನಮಗೆ ಆ ಫಲಕದಲ್ಲಿ ಸುಳ್ಳು ಇರಬಹುದು ಎಂಬ ಕಲ್ಪನೆಯೇ ಬಂದಿರಲಿಲ್ಲ. ನಮ್ಮಲ್ಲಿ ಕರೆಂಟ್ ಹೋಗುತ್ತಿತ್ತು, ಸಿಗ್ನಲ್ ಹೋಗುತ್ತಿತ್ತು; ಖೇದ ನಿಜವಾದ ಖೇದವೇ ಆಗಿತ್ತು. ನಮ್ಮ ತಂತ್ರಾಂಶದ ‘ತಾಂತ್ರಿಕ ತೊಂದರೆ’ ಎಂಬ ಆಯ್ಕೆಯನ್ನು ಆಮೇಲೆ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಅದೇ ಕೇಂದ್ರದಲ್ಲಿ 1963ರ ಮೇ 20ರಂದು ಮೆಡ್ಗರ್ ಎವರ್ಸ್ ಎಂಬ ಕರಿಯ ನಾಯಕರಿಗೆ 17 ನಿಮಿಷ ಸಿಕ್ಕಿತು. ನಗರದ ಮೇಯರ್ ಟೀವಿಯಲ್ಲಿ ಮಾತಾಡಿದ್ದರು. ಅದಕ್ಕೆ ಉತ್ತರ ಕೊಡಲು ಸಮಾನ ಅವಕಾಶ ಬೇಕೆಂದು ಬಹಳ ಕಾದಾಡಿದ ಮೇಲೆ ಸಿಕ್ಕ 17 ನಿಮಿಷ. ಊರಿನಲ್ಲೇ ಬಾಳುವ ಮನುಷ್ಯ ಊರಿನವರ ಜೊತೆ ಊರಿನ ಟೀವಿಯಲ್ಲಿ ಮಾತಾಡಲು ದೇಶದ ಕಾನೂನು ಬೇಕಾಯಿತು. ಮೂರು ವಾರ ಕಳೆದು, ಜೂನ್ 12ರಂದು, ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು.

ಆ ಕೇಂದ್ರದ ಪರವಾನಗಿ ನವೀಕರಣಕ್ಕೆ ಬಂದಾಗ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಚರ್ಚಿನವರೂ ಸ್ಥಳೀಯರೂ ಸೇರಿ ಆಕ್ಷೇಪಣೆ ಹಾಕಿದರು. ನೋಡುಗರಿಗೆ ಈ ವಿಷಯದಲ್ಲಿ ವಾದಿಸುವ ಹಕ್ಕೇ ಇಲ್ಲ ಎಂದಿತು ಆಯೋಗ. ಇದೆ ಎಂದು 1966ರಲ್ಲಿ ಕೋರ್ಟ್ ಹೇಳಿತು. 1969ರಲ್ಲಿ ಪರವಾನಗಿಯ ನವೀಕರಣವನ್ನೇ ರದ್ದು ಮಾಡಿತು. ಆಮೇಲೆ ಹೊಸ ಆಡಳಿತ ಬಂದು, 1972ರಲ್ಲಿ ವಿಲಿಯಂ ಡಿಲ್ಡೇ ಎಂಬ ಕರಿಯರು ಅಲ್ಲಿ ಜನರಲ್ ಮ್ಯಾನೇಜರ್ ಆದರು.

ಒಂದೇ ಹಕ್ಕು, ಸುಂಟರಗಾಳಿಯ ನಕ್ಷೆ ತೋರಿಸಲೂ ಬಂತು, ಮಾರ್ಷಲ್ ಅವರನ್ನು ಕತ್ತರಿಸಲೂ ಬಂತು. ಎರಡನ್ನೂ ಬೇರೆ ಮಾಡುವ ಗೆರೆ ಯಾವುದು? ನನಗೆ ತೋಚಿದ್ದು ಇಷ್ಟು. ಹತ್ತಿರದ್ದಕ್ಕೆ ಜಾಗ ಬೇಕು ಎಂದು ದೂರದ್ದನ್ನು ಸರಿಸುವುದು ಒಂದು ಬಗೆ. ಹತ್ತಿರದವನೇ ಕಾಣದಿರಲಿ ಎಂದು ದೂರದ್ದನ್ನು ಸರಿಸುವುದು ಇನ್ನೊಂದು. ಮಾರ್ಷಲ್ ಅವರ ಸಂದರ್ಶನ ತೋರಿಕೆಗೆ ಹೊರಗಿನದು, ನೆಟ್‌ವರ್ಕಿನದು. ಆದರೆ ಅವರು ಹೇಳುತ್ತಿದ್ದುದು ಜ್ಯಾಕ್ಸನ್ನಿನ ಅರ್ಧ ಊರಿನ ಕತೆ. ಹೊರಗಿನದನ್ನು ತಡೆದಂತೆ ಮಾಡಿ ಒಳಗಿನವರ ಬಾಯಿ ಮುಚ್ಚಿದ್ದರು. ಹಾಗಾಗಿ ಊರಿನ ಹೆಸರಿನಲ್ಲಿ ಯಾರಾದರೂ ಬೇಡ ಅಂದಾಗ ಮೊದಲು ಕೇಳಬೇಕಾದದ್ದು, ಆ ‘ಬೇಡ’ದಿಂದ ಊರಿನೊಳಗೆ ಯಾರು ಕಾಣೆಯಾದರು ಎಂದು.

ಇನ್ನೊಂದು ಮೋಸವೂ ಇದೆ. ಊರಿನ ಕೇಂದ್ರ ಬೇಡ ಅಂದಿತು ಅನ್ನುತ್ತೇವೆ, ಅಂದವರು ಊರಿನಲ್ಲೇ ಇರುವುದಿಲ್ಲ. 2004ರ ಏಪ್ರಿಲ್ ಕೊನೆಗೆ ಎಬಿಸಿಯ ‘ನೈಟ್‌ಲೈನ್’ ಕಾರ್ಯಕ್ರಮ ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಓದಿತು. ಸಿಂಕ್ಲೇರ್ ಎಂಬ ಕಂಪನಿ ತನ್ನ ಕೈಲಿದ್ದ ಎಬಿಸಿ ಕೇಂದ್ರಗಳಲ್ಲಿ ಅದನ್ನು ತೋರಿಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಮ್ಮಿ ಕಿಮ್ಮೆಲ್ ಅವರ ರಾತ್ರಿ ಕಾರ್ಯಕ್ರಮವನ್ನು ಎಬಿಸಿ ನಿಲ್ಲಿಸಿ, ಕೆಲವು ದಿನಗಳಲ್ಲಿ ಮತ್ತೆ ಶುರುಮಾಡಿದಾಗಲೂ, ಸಿಂಕ್ಲೇರ್ ಮತ್ತು ನೆಕ್ಸ್‌ಟಾರ್ ಎಂಬ ಎರಡು ದೊಡ್ಡ ಕಂಪನಿಗಳ ಕೇಂದ್ರಗಳು ಇನ್ನೂ ಕೆಲವು ದಿನ ಅದನ್ನು ಹಾಕಲಿಲ್ಲ. ಆ ಕಾರ್ಯಕ್ರಮ ಹೇಗಿತ್ತು ಎಂಬುದು ಇಲ್ಲಿ ಮುಖ್ಯವಲ್ಲ. ಹತ್ತಾರು ಊರುಗಳ ‘ಸ್ಥಳೀಯ’ ತೀರ್ಮಾನ ಒಂದೇ ದಿನ, ಒಂದೇ ಮಾತಿನಲ್ಲಿ ಬಂತು. ಎಲ್ಲ ಊರುಗಳಿಗೂ ಒಂದೇ ಅಭಿಪ್ರಾಯ ಒಂದೇ ಗಳಿಗೆಯಲ್ಲಿ ಹುಟ್ಟಿತೆಂದು ನಂಬುವುದು ಕಷ್ಟ. 1941ರಲ್ಲಿ ನೆಟ್‌ವರ್ಕಿನಿಂದ ಕಿತ್ತು ಊರಿಗೆ ಕೊಟ್ಟ ಹಕ್ಕು ಊರಿನ ಕೈಯಿಂದಲೂ ಜಾರಿ ಇನ್ನೊಂದು ಕೇಂದ್ರ ಕಚೇರಿಯ ಮೇಜಿಗೆ ಬಂದಿತ್ತು.

ಹಕ್ಕು ಊರಲ್ಲೇ ಉಳಿದರೂ ಅದನ್ನು ತುಂಬಲು ದುಡ್ಡೂ ಮನಸ್ಸೂ ಬೇಕು. 1970ರಲ್ಲಿ ಅದೇ ಆಯೋಗ, ದೊಡ್ಡ 50 ಪಟ್ಟಣಗಳಲ್ಲಿ ಸಂಜೆಯ ಮುಖ್ಯ ಹೊತ್ತಿನ 3 ಗಂಟೆಗಿಂತ ಹೆಚ್ಚನ್ನು ನೆಟ್‌ವರ್ಕು ತುಂಬಬಾರದು ಎಂದು ನಿಯಮ ಮಾಡಿತು. ಉಳಿದ ಹೊತ್ತಿನಲ್ಲಿ ಊರಿನ ಪ್ರತಿಭೆ ಅರಳಲಿ ಎಂಬ ಆಸೆ. ಬಹುಪಾಲು ಕೇಂದ್ರಗಳು ಆ ಹೊತ್ತಿಗೆ ಅಗ್ಗದ ಗೇಮ್ ಶೋಗಳನ್ನು ಕೊಂಡುತಂದು ಹಾಕಿದವು. 1996ರಲ್ಲಿ ನಿಯಮವೇ ಹೋಯಿತು.

ಮಿಸಿಸಿಪ್ಪಿಯ ಬಗ್ಗೆ ತೀರ್ಪು ಕೊಡುವುದು ಸುಲಭ, ದೂರದ ಊರು. ನಮ್ಮಲ್ಲೂ ಒಂದು 17 ನಿಮಿಷ ಇದೆ; ನಮ್ಮದು 10 ನಿಮಿಷ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಸಂಜೆಯ ಮುಖ್ಯ ಹೊತ್ತಿನಲ್ಲಿ 10 ನಿಮಿಷದ ಉರ್ದು ವಾರ್ತೆ ಶುರುಮಾಡಿತು. ವಿರೋಧ ಎದ್ದಿತು, ಮೆರವಣಿಗೆಗಳಾದವು, ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಟೀವಿಯ ಒಂದು ವೇಳಾಪಟ್ಟಿಗಾಗಿ ಇಷ್ಟು ಜನ ಸತ್ತ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಆಗ ವಿರೋಧಿಸಿದವರೆಲ್ಲ ದ್ವೇಷದಿಂದಲೇ ವಿರೋಧಿಸಿದರು ಎಂದು ನಾನು ಹೇಳಲಾರೆ. ಬೆಂಗಳೂರಿನಲ್ಲಿ ಕನ್ನಡಕ್ಕೆ ಜಾಗ ಕಡಿಮೆಯಾಗುತ್ತಿದೆ ಎಂಬ ಅಳಲು ನಿಜವಾದದ್ದು. ಚುನಾವಣೆ ಹೊಸ್ತಿಲಲ್ಲಿತ್ತು, ಆ ಹೊತ್ತಿಗೇ ಇದು ಏಕೆ ಬಂತು ಎಂಬ ಅನುಮಾನಕ್ಕೂ ಜಾಗವಿತ್ತು. ಉರ್ದು ವಾರ್ತೆ ಇರಲಿ, ಕನ್ನಡ ವಾರ್ತೆಯ ಬೆನ್ನಿಗೇ ಬೇಡ ಎಂದವರೂ ಇದ್ದರು. ಅದೇ ಹೊತ್ತಿಗೆ, ರಾಜ್ಯದಲ್ಲಿ ಸುಮಾರು ಹತ್ತರಲ್ಲೊಬ್ಬರ ಮನೆಮಾತು ಉರ್ದು ಎಂಬುದೂ ನಿಜ. ನಮ್ಮ ಗುಲ್ಬರ್ಗದಲ್ಲಿ ಬೆಳೆದವನಿಗೆ ಇದನ್ನು ಅಂಕಿಅಂಶದಿಂದ ತಿಳಿಯಬೇಕಾಗಿಲ್ಲ. ನನ್ನ ತಂದೆ ಜಮೀನಿನ ಹಳೇ ಕಾಗದ ಓದಿಸಲು ಹೋಗುತ್ತಿದ್ದುದು ಪಕ್ಕದ ಓಣಿಯ ಉರ್ದು ಬಲ್ಲ ಹಿರಿಯರ ಹತ್ತಿರ. ನಿಜಾಮರ ಕಾಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಅವರು ಯಾವ ಲೆಕ್ಕದಲ್ಲಿ ಹೊರಗಿನವರು?

ಆ 10 ನಿಮಿಷದ ಬಗ್ಗೆ ಯೋಚಿಸಿದಾಗಲೆಲ್ಲ ನನ್ನನ್ನು ಕಾಡುವ ಸಂಗತಿ ಬೇರೆ. ಜಗಳ ನಡೆದದ್ದು ಕನ್ನಡಕ್ಕೂ ಉರ್ದುವಿಗೂ. ಎರಡೂ ಈ ನೆಲದವೇ. ಜಗಳವಾಡಿದ್ದು ಊರಿಗೆಂದು ಬಿಟ್ಟಿದ್ದ ಆ ಸಣ್ಣ ತುಂಡಿನ ಮೇಲೆ. ಅದರ ಮುಂದಿನ ಇಡೀ ರಾತ್ರಿ ಬೇರೆಯವರದಾಗಿತ್ತು. ಅದರ ಮೇಲೆ ಯಾರೂ ಕಲ್ಲೆಸೆಯಲಿಲ್ಲ. ಅದು ಆಕಾಶದಂತೆ, ಮಳೆಯಂತೆ, ಇದ್ದೇ ಇರುವಂಥದ್ದು ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ದೊಡ್ಡ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು, ಅಣ್ಣತಮ್ಮಂದಿರು ಚೂರಿಗೆ ಹೊಡೆದಾಡಿದರು. ಹೊತ್ತು ಧಾರಾಳವಾಗಿದ್ದರೆ ಆ ಸಾವುಗಳು ತಪ್ಪುತ್ತಿದ್ದವೇ? ಒಮ್ಮೊಮ್ಮೆ ಹೌದು ಅನಿಸುತ್ತದೆ. ಮತ್ತೊಮ್ಮೆ, ಜಗಳ ನಿಮಿಷಗಳದ್ದಲ್ಲ, ಮಾನದ್ದು. ‘ಮುಖ್ಯ ಹೊತ್ತು’ ಎಂಬ ಮಾತಿನಲ್ಲೇ ಯಾರು ಮುಖ್ಯರು ಎಂಬ ಪ್ರಶ್ನೆ ಅಡಗಿದೆ, ಎಷ್ಟು ಗಂಟೆ ಕೊಟ್ಟರೂ ಅದು ತೀರುತ್ತಿರಲಿಲ್ಲ ಅನಿಸುತ್ತದೆ. ನಾನು ಮೇಲೆ ಹೇಳಿದ ಗೆರೆಯೂ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ಆ ‘ಬೇಡ’ದಿಂದ ಯಾರು ಕಾಣೆಯಾದರು ಎಂದು ಕೇಳಿದರೆ ಉತ್ತರ ಸ್ಪಷ್ಟ. ಆದರೆ ಕನ್ನಡವೂ ತಾನು ಕಾಣೆಯಾಗುತ್ತಿದ್ದೇನೆ ಎಂಬ ಭಯದಲ್ಲೇ ಇತ್ತು. ಭಯದಲ್ಲಿರುವ ಇಬ್ಬರ ನಡುವೆ ಲಾಗ್ ಬರೆಯುವವನು ಏನು ಬರೆಯಬೇಕು? ಕಡೇಪಕ್ಷ ಇಬ್ಬರನ್ನೂ ಕೂರಿಸಿ ಕೇಳಬೇಕಿತ್ತು. ಜ್ಯಾಕ್ಸನ್ನಿನ ನೋಡುಗರಿಗೆ 1966ರಲ್ಲಿ ಸಿಕ್ಕ, ಕೇಳಿಸಿಕೊಳ್ಳಿ ಅನ್ನುವ ಹಕ್ಕು, ಬೆಂಗಳೂರಿನ ನೋಡುಗರಿಗೆ, ಕನ್ನಡದವರಿಗಾಗಲಿ ಉರ್ದುವಿನವರಿಗಾಗಲಿ, 1994ರಲ್ಲಿ ಇರಲಿಲ್ಲ. ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರವರಿಯಲ್ಲಿ, ಅದೂ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ.

ಈಗ ಇದೆಲ್ಲ ಹಳೇ ಕತೆ ಎಂದು ನಮ್ಮ ಆಫೀಸಿನ ಹುಡುಗರು ಹೇಳುತ್ತಾರೆ. ಲೆಕ್ಕವಿಲ್ಲದಷ್ಟು ವಾಹಿನಿಗಳು, ಅದರ ಮೇಲೆ ಮೊಬೈಲು. ಯಾರಿಗೆ ಯಾವಾಗ ಏನು ಬೇಕೋ ನೋಡಬಹುದು. ಹೊತ್ತಿಗೇ ಬೆಲೆ ಇಲ್ಲ. 2021ರ ಅಕ್ಟೋಬರಿನಲ್ಲಿ ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ದೇಶದಾದ್ಯಂತ ಮುಚ್ಚುತ್ತಿದ್ದಾಗ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂದು ಸುದ್ದಿಯಾಯಿತು. ಇಲ್ಲ, ಕಲಬುರಗಿ, ಸಿಲ್ಚಾರಿನಂಥ ಕೇಂದ್ರಗಳು ಕಾರ್ಯಕ್ರಮ ತಯಾರಿಸುತ್ತಲೇ ಇರುತ್ತವೆ, ಅವು ಯೂಟ್ಯೂಬಿನಲ್ಲಿ ಬರುತ್ತವೆ, ರಾಜ್ಯದ ಉಪಗ್ರಹ ವಾಹಿನಿಗೂ ಹೋಗುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ತಾಂತ್ರಿಕವಾಗಿ ನನಗೆ ತಕರಾರಿಲ್ಲ. ಆಂಟೆನಾ ಹಾಕಿ ಅನಲಾಗ್ ಟೀವಿ ನೋಡುವವರು ಎಷ್ಟು ಜನ ಉಳಿದಿದ್ದರು? ನಾನೇ ಆ ಯೋಜನೆಯ ಮ್ಯಾನೇಜರ್ ಆಗಿದ್ದರೂ ಮುಚ್ಚಿ ಎಂದೇ ಬರೆಯುತ್ತಿದ್ದೆ.

ಆದರೂ ಆ ಸ್ಪಷ್ಟನೆಯಲ್ಲಿ ಒಂದು ವಿಷಯ ಹೇಳದೆ ಉಳಿದಿದೆ. ಕೇಂದ್ರಕ್ಕೆ ಸ್ಟುಡಿಯೋ ಉಳಿಯಿತು, ಜನ ಉಳಿದರು, ಕಾರ್ಯಕ್ರಮ ಉಳಿಯಿತು. ತನ್ನದೆನ್ನುವ ಹೊತ್ತು ಉಳಿಯಲಿಲ್ಲ. ಮರುಪ್ರಸಾರ ಕೇಂದ್ರಗಳಿಗೆ ಗೋಪುರ ಇತ್ತು, ಮಾತು ಇರಲಿಲ್ಲ. ಈಗ ಮಾತು ಇದೆ, ಗೋಪುರ ಇಲ್ಲ. ಯೂಟ್ಯೂಬಿನಲ್ಲಿ ಹಾಕಿದ್ದು ಹುಡುಕಿದವರಿಗೆ ಸಿಗುತ್ತದೆ. ಹುಡುಕುವವರು ಮೊದಲೇ ಒಪ್ಪಿದವರು. ಜ್ಯಾಕ್ಸನ್ನಿನಲ್ಲಿ ಆ 17 ನಿಮಿಷಕ್ಕೆ ಬಲ ಬಂದದ್ದು, ಎವರ್ಸ್ ಅವರನ್ನು ಎಂದೂ ಹುಡುಕಿ ಹೋಗದಂಥವರ ಮನೆಯ ಹಾಲಿನಲ್ಲೂ ಅದು ಬಂತಲ್ಲ, ಅದರಿಂದ. ವೇಳಾಪಟ್ಟಿ ದಬ್ಬಾಳಿಕೆಯೇ, ನಿಜ. ನೆರೆಯವನನ್ನು ತಂದು ಎದುರಿಗೆ ಕೂರಿಸುವ ದಬ್ಬಾಳಿಕೆಯೂ ಅದರಲ್ಲಿತ್ತು. ಈಗ ಪ್ರತಿಯೊಬ್ಬರ ಕೈಯಲ್ಲೂ ‘ಬೇಡ’ ಅನ್ನುವ ಗುಂಡಿ ಇದೆ. ಕಾರಣ ಬರೆಯುವ ಖಾನೆ ಇಲ್ಲ, ಉತ್ತರ ಕೊಡಬೇಕಾದ ಪರವಾನಗಿಯೂ ಇಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಗುಂಡಿ ವರದಾನದಂತೆಯೇ ಬಂತು. ಪುಣೆಗೆ ಬಂದ ಹೊಸತರಲ್ಲಿ ಕೇಬಲ್‌ನವನ ಹತ್ತಿರ ಒಂದು ಕನ್ನಡ ವಾಹಿನಿಗಾಗಿ ತಿಂಗಳುಗಟ್ಟಲೆ ಅಂಗಲಾಚಿದ್ದು ಈ ಪತ್ರಿಕೆಯ ಓದುಗರಲ್ಲಿ ನನ್ನೊಬ್ಬನ ಅನುಭವ ಆಗಿರಲಾರದು. ಈಗ ಮೊಬೈಲ್ ತೆರೆದರೆ ಸಾಕು, ನಾನು ಕನ್ನಡದವನೆಂದು ಅದಕ್ಕೇ ಗೊತ್ತು. ಕಲಬುರಗಿಯಲ್ಲಿ ಯಾವ ಸೇತುವೆ ಮುಳುಗಿತು, ತೊಗರಿಗೆ ಇವತ್ತಿನ ದರ ಎಷ್ಟು ಎಂದು ಬೆಳಗಿನ ಚಹಾಕ್ಕೆ ಮುಂಚೆ ನನಗೆ ತಿಳಿದಿರುತ್ತದೆ. ನಾನು 18 ವರ್ಷದಿಂದ ಇರುವ ವಾರ್ಡಿನ ನಗರಸೇವಕರ ಹೆಸರು ಮಾತ್ರ ಕೇಳಬೇಡಿ. ನಮ್ಮ ಹಿಂದಿನ ಬೀದಿಯಲ್ಲಿ ವರ್ಷಕ್ಕೆ ಎರಡು ಸಲ ಹಳ್ಳದ ನೀರು ಮನೆಗಳಿಗೆ ನುಗ್ಗುತ್ತದೆ. ಅದು ನನಗೆ ತಿಳಿಯುವುದು ಮನೆಗೆಲಸದ ಮಾವಶಿ ಬರದಿದ್ದಾಗ. ಊರು ದೂರದ ದಿಲ್ಲಿಯನ್ನೇ ನೋಡುತ್ತ ತನ್ನನ್ನು ಮರೆಯಿತು ಎಂದು ನಾವು ದೂರುತ್ತಿದ್ದೆವು. ಈಗ ನಾವು ನಮ್ಮ ಸಣ್ಣ ಊರನ್ನೇ ಉಪಗ್ರಹದಿಂದ ಇಳಿಸಿಕೊಂಡು, ಕಾಲ ಕೆಳಗಿರುವ ಊರಿನ ಮೇಲೆ ಹಾಕಿಕೊಂಡು ಕೂತಿದ್ದೇವೆ.

ಇದಕ್ಕೆ ಪರಿಹಾರವಾಗಿ ಕನ್ನಡ ನೋಡಬೇಡಿ ಎಂದು ಹೇಳಲು ನಾನು ಹುಚ್ಚನಲ್ಲ. ನನ್ನ ಮಗಳಿಗೆ ಈ ಗೊಂದಲವೇ ಇಲ್ಲ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಕೊರಿಯನ್. ಸಂಜೆ ಏಳಕ್ಕೆ ಕರೆಂಟ್ ಹೋದರೆ ಮಾತ್ರ ನಮ್ಮ ಕಟ್ಟಡದವರೆಲ್ಲ ಕೆಳಗಿಳಿದು ಬರುತ್ತೇವೆ. ಆಗ ದೇಶಪಾಂಡೆ ಆಜೋಬಾ ಎಲ್ಲರಿಗೂ ಕೇಳುವಂತೆ ಹಿಂದಿನ ಬೀದಿಯ ಹಳ್ಳದ ಕತೆ, ಅದನ್ನು ಯಾವ ವರ್ಷ ಯಾರು ಮುಚ್ಚಿಸಿ ಮೇಲೆ ಏನು ಕಟ್ಟಿದರು ಎಂಬುದನ್ನು ಮೊದಲಿನಿಂದ ಶುರುಮಾಡುತ್ತಾರೆ. ಮಧ್ಯೆ ಕರೆಂಟ್ ಬಂದುಬಿಡುತ್ತದೆ. ಮುಕ್ಕಾಲು ಜನ ಮೇಲೆ ಹೋಗುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ನಾನು ಹೋಗಲಿಲ್ಲ. ಕತೆ ಮುಗಿಯಲು ಒಂದೂವರೆ ತಾಸು ಹಿಡಿಯಿತು.